ಕಣ್ಣಿಗೊತ್ತಿಕೊಂಡ ಚೆಂಡು

ಭಾನುವಾರ ಬೆಳಿಗ್ಗೆ ಐದೂವರೆಗೇ ಎದ್ದೆ. ಫಿಲ್ಟರಿಗೆ ಕಾಫಿಪುಡಿ ಹಾಕಿ ಬಿಸಿನೀರು ಸುರಿದೆ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಹಿತ್ತಲ ಬಾಗಿಲು ತೆಗೆದು, ತುಳಸಿ ಕುಂಡದ ಮಣ್ಣಿಗೆ ಹೆಬ್ಬೆರಳು ಊರಿದೆ. ಬೆರಳು ಮೊದಲ ಗೆಣ್ಣಿನವರೆಗೆ ಇಳಿದು, ಎತ್ತಿದಾಗ ಮಣ್ಣು ಅಂಟದಿದ್ದರೆ ಆಟ ಉಂಟು. ಅಂಟಿದರೆ ಮೈದಾನ ಇನ್ನೊಂದು ಗಂಟೆ ಒಣಗಬೇಕು. ಸಾಫ್ಟ್‌ಬಾಲ್ ಕೋಚ್ ಕೆಲಸದಿಂದ ನಾನು ನಿವೃತ್ತಳಾದದ್ದು ಕಳೆದ ಮೇ ತಿಂಗಳಲ್ಲಿ. ನೋಡಿಕೊಳ್ಳಬೇಕಾದ ಮೈದಾನ ಈಗ ಯಾವುದೂ ಇಲ್ಲ. ಈ ಸಂಗತಿಯನ್ನು ಹೆಬ್ಬೆರಳಿಗೆ ಮಾತ್ರ ಇನ್ನೂ ಯಾರೂ ತಿಳಿಸಿಲ್ಲ.

"ಅಲ್ವೇ, ಆಟ ಇರೋದು ಕ್ಲಿಯರ್ ಲೇಕಲ್ಲಿ. ಮೂರು ಗಂಟೆ ದಾರಿ. ರೌಂಡ್ ರಾಕಿನ ತುಳಸಿ ಕುಂಡ ಅಲ್ಲಿಯ ವಿಷಯ ಏನು ಹೇಳತ್ತೆ?" ಎಂದರು ನಮ್ಮವರು, ಅಡುಗೆಮನೆಯ ಕಿಟಕಿಯಿಂದ.

"ಒಣಗಿದೆ ಅಂತ ಹೇಳ್ತು. ನೀವು ಕಾಫಿ ಕುಡೀರಿ."

ಎರಡು ಡಬ್ಬಿ ಪುಳಿಯೋಗರೆ, ಒಂದು ಡಬ್ಬಿ ಮೊಸರನ್ನ, ಮಡಿಸುವ ಎರಡು ಕುರ್ಚಿ, ನನ್ನ ಹಳೆಯ ಟೋಪಿ. ಇಷ್ಟನ್ನು ಕಾರಿಗೆ ತುಂಬಿದೆ. ಬ್ರಿಯಾನಾ ಎಂಬ ನನ್ನ ಹಳೆಯ ಆಟಗಾರ್ತಿ ಕ್ಲಿಯರ್ ಲೇಕಿನ ಒಂದು ಸಣ್ಣ ಕಾಲೇಜಿಗೆ ಈ ವರ್ಷ ಹೆಡ್ ಕೋಚ್ ಆಗಿದ್ದಾಳೆ. ಗುರುವಾರ ಫೋನ್ ಮಾಡಿ, "ಕೋಚ್ ವಿ, ಭಾನುವಾರ ಬರಲೇಬೇಕು. ಯಾಕೆ ಅಂತ ಕೇಳಬೇಡಿ," ಎಂದು ಇಟ್ಟುಬಿಟ್ಟಿದ್ದಳು. ನಾನು ವತ್ಸಲಾ. ಹುಡುಗಿಯರ ಬಾಯಲ್ಲಿ ಆ ಹೆಸರು ಹೊರಳದೆ ಕೋಚ್ ವಿ ಆದೆ.

ಟೆಕ್ಸಾಸಿನ ದಾರಿಯುದ್ದಕ್ಕೂ ನೀಲಿ ಬ್ಲೂಬಾನೆಟ್ ಹೂವು. ಹೂ ನೋಡುತ್ತಾ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ಈ ಸಲದ ಯುಗಾದಿ ಕಾರ್ಯಕ್ರಮದಲ್ಲಿ ನಮ್ಮ ಕನ್ನಡದವರ ಮಕ್ಕಳೇ ಇಬ್ಬರು, ಹೈಸ್ಕೂಲಿನಲ್ಲಿ ಸಾಫ್ಟ್‌ಬಾಲ್ ಆಡುವವರು, ಒಬ್ಬಟ್ಟಿನ ತಟ್ಟೆ ಹಿಡಿದು ಬಂದು ನಿಂತಿದ್ದರು. "ಆಂಟಿ, ಹೌ ಡು ಯು ಬಿಕಮ್ ಅ ಕೋಚ್?" ಊಟದ ಗದ್ದಲದಲ್ಲಿ ಏನೋ ಎರಡು ಮಾತು ಹೇಳಿ ಕಳಿಸಿದೆ. ಹೇಳಬೇಕಾಗಿದ್ದದ್ದು ಈಗ ಬರೆಯುತ್ತಿದ್ದೇನೆ. ಮಕ್ಕಳೇ, ನಿಮಗೆ ಓದಲು ಬಾರದಿದ್ದರೆ ಅಮ್ಮಂದಿರಿಂದ ಓದಿಸಿಕೊಳ್ಳಿ.

ಮೈಸೂರಿನ ಕಾನ್ವೆಂಟಿನಲ್ಲಿ ನಮಗೆ ಸಾಫ್ಟ್‌ಬಾಲ್ ಕಲಿಸಿದವರು ಸಿಸ್ಟರ್ ಲೂರ್ದ್. ಚೆಂಡು ಕ್ರಿಕೆಟಿನದಕ್ಕಿಂತ ದಪ್ಪ, ಎಸೆತ ತೋಳಿನ ಕೆಳಗಿನಿಂದ, ಏಳು ಇನ್ನಿಂಗ್ಸ್, ಓಡಿ ಮುಟ್ಟಲು ವಜ್ರಾಕಾರದಲ್ಲಿ ಮೂರು ಬೇಸು, ಕೊನೆಗೆ ಹೊರಟಲ್ಲಿಗೇ, ಅಂದರೆ ‘ಮನೆ’ಗೆ, ಬಂದರೆ ಒಂದು ರನ್. ಮೂವರು ಔಟಾದರೆ ತಂಡದ ಬ್ಯಾಟಿಂಗ್ ಮುಗಿಯಿತು. ಇಡೀ ಶಾಲೆಗೆ ಒಂಬತ್ತೇ ಗ್ಲೌಸು. ಚೆಂಡು ಹಿಡಿಯುವ ನಮ್ಮ ಸರದಿ ಮುಗಿದಾಗ ಗ್ಲೌಸನ್ನು ನೆಲದ ಮೇಲಿಟ್ಟು ಬರಬೇಕು, ಎದುರು ತಂಡ ಅದನ್ನೇ ಎತ್ತಿಕೊಳ್ಳಬೇಕು. ಇನ್ನೊಬ್ಬಳ ಬೆವರಿನ ಗ್ಲೌಸಿಗೆ ಕೈ ಹಾಕಿದ ಮೇಲೆ ಅವಳ ಮೇಲೆ ಹಗೆ ಸಾಧಿಸುವುದು ಹೇಗೆ? ಸಿಸ್ಟರ್ ಒಂದು ಕಟ್ಟಳೆ ಮಾಡಿದ್ದರು: ತಪ್ಪು ಮಾಡಿದವಳು ಯಾರೂ ಕೇಳುವ ಮೊದಲೇ ಕೈ ಎತ್ತಬೇಕು. ಎತ್ತಿದರೆ ಬೈಗುಳವಿಲ್ಲ. ಎತ್ತದಿದ್ದರೆ ಮಾರನೆಯ ದಿನ ಆಟವಿಲ್ಲ.

ಮದುವೆಯಾಗಿ ರೌಂಡ್ ರಾಕಿಗೆ ಬಂದೆ. ಹದಿನಾರು ವರ್ಷ ಮನೆ ನೋಡಿಕೊಂಡೆ. ಮಗಳು ಅನಘಾ ಆಡುವ ತಂಡಕ್ಕೆ ಸ್ಕೋರ್ ಪುಸ್ತಕ ಬರೆಯುತ್ತಿದ್ದೆ, ಕಾನ್ವೆಂಟಿನ ದುಂಡು ಅಕ್ಷರದಲ್ಲಿ. ಆ ಪುಸ್ತಕ ನೋಡಿದ ಕಮ್ಯುನಿಟಿ ಕಾಲೇಜಿನ ಕೋಚ್ ಒಬ್ಬರು, ಯಾವ ಎಸೆತಗಾರ್ತಿ ಯಾವಾಗ ದಣಿದಳು ಎಂದು ನಾನು ಅಂಚಿನಲ್ಲಿ ಗುರುತು ಹಾಕಿದ್ದನ್ನು ಕಂಡು ಕರೆದರು. ಮೊದಲು ಪುಸ್ತಕ, ಆಮೇಲೆ ಸಹಾಯಕಿ, ಆಮೇಲೆ ಅವರು ಬಿಟ್ಟ ಜಾಗ. ಬಡ್ತಿಯ ಕಥೆ ಇಷ್ಟೇ.

ಕೆಲಸ ಹೇಗಿತ್ತು ಎನ್ನುತ್ತೀರಾ? ಬೆಳಿಗ್ಗೆ ಆರಕ್ಕೆ ಕೆಂಪು ಮಣ್ಣಿಗೆ ನೀರು ಹಾಯಿಸಬೇಕು. ಬಿಳಿ ಪುಡಿಯ ಗೆರೆ ಎಳೆಯಬೇಕು. ರಂಗೋಲಿ ಇಡುವವರಿಗೆ ಅದು ಸುಲಭ, ಉಸಿರು ಬಿಗಿಹಿಡಿದರೆ ಗೆರೆ ನೆಟ್ಟಗೆ ಬರುತ್ತದೆ. ವ್ಯಾನ್ ಡ್ರೈವ್ ಮಾಡಬೇಕು, ಹದಿನೆಂಟು ಜೊತೆ ಕಾಲುಚೀಲ ಒಗೆಯಬೇಕು, ಕಣಕ್ಕಿಳಿಯುವ ಮುನ್ನ ಅಳುವವಳ ಪಕ್ಕ ಸುಮ್ಮನೆ ಕೂರಬೇಕು. ನಮ್ಮ ಒಬ್ಬ ಎಸೆತಗಾರ್ತಿ ಸದಾ ಸೂರ್ಯಕಾಂತಿ ಬೀಜ ಜಗಿಯುತ್ತಿದ್ದಳು. ಒಂದು ದಿನ ಬೀಜದ ಪೊಟ್ಟಣವನ್ನು ಎಡಗೈಯಲ್ಲಿ ತೆಗೆಯಲು ಒದ್ದಾಡುವುದನ್ನು ಕಂಡೆ. ಬಲಭುಜ ನೋಯುತ್ತಿದೆ ಎಂದು ಗೊತ್ತಾಯಿತು. ಅವಳು ಮಾತ್ರ ಕೊನೆಯವರೆಗೂ "ಐಯಾಮ್ ಫೈನ್ ಕೋಚ್" ಎಂದೇ ಹೇಳುತ್ತಿದ್ದಳು. ಅವತ್ತು ಆಡಿಸಲಿಲ್ಲ, ಸೋತೆವು. ಮಾರನೆಯ ದಿನ ಡಾಕ್ಟರು ಭುಜದ ಚಿತ್ರ ತೋರಿಸಿ, ಇನ್ನೊಂದು ಆಟ ಆಡಿದ್ದರೆ ಆಪರೇಷನ್ ಮಾಡಬೇಕಿತ್ತು ಎಂದರು. ಹುಡುಗಿಯರು ಬಾಯಲ್ಲಿ ಹೇಳುವುದಿಲ್ಲ, ಮಕ್ಕಳೇ. ಬೆರಳು ನೋಡಿ.

ನಮ್ಮ ಮೇಲಧಿಕಾರಿ, ಕಾಲೇಜಿನ ಕ್ರೀಡಾ ವಿಭಾಗದ ಡೈರೆಕ್ಟರ್ ಡಗ್, ಒಂದು ಕಾಲದ ಫುಟ್‌ಬಾಲ್ ಆಟಗಾರ. ಬಾಗಿಲು ತುಂಬುವ ಆಳು. ನನ್ನ ಧ್ವನಿ ಅವರಿಗೆ ಸಾಲುತ್ತಿರಲಿಲ್ಲ. "ಮಿಸ್ ವಿ, ಇದು ಚರ್ಚಿನ ಹಾಡಿನ ಕ್ಲಾಸಲ್ಲ. ಒಮ್ಮೆಯಾದರೂ ಕಿರುಚಿ ನೋಡೋಣ," ಎನ್ನುವರು. ಹೆಡ್ ಕೋಚ್ ಆದ ಮೂರನೆಯ ವರ್ಷ ಕರೆದು, "ಈ ಸಲ ಸೀಸನ್ ಮುಗಿದ ಮೇಲೆ ಕೂತು ಮಾತಾಡೋಣ, ಮುಂದುವರಿಸೋದೋ ಬೇಡವೋ ಅಂತ," ಎಂದರು. ಆ ವರ್ಷವೇ ಬ್ರಿಯಾನಾಳ ಕಥೆ ನಡೆದದ್ದು.

ಅದಕ್ಕೆ ಮೊದಲು ಸೈನ್ ಎಂದರೇನು ಎಂದು ಹೇಳಬೇಕು. ನಾವು ಬ್ಯಾಟ್ ಮಾಡುವಾಗ ಹೆಡ್ ಕೋಚ್ ಮೂರನೇ ಬೇಸಿನ ಪಕ್ಕ ನಿಂತು ಟೋಪಿ, ಕಿವಿ, ಭುಜ, ಬೆಲ್ಟು ಎಂದು ಮೈಯೆಲ್ಲಾ ಮುಟ್ಟಿಕೊಳ್ಳುತ್ತಿರುತ್ತಾಳೆ. ಅದರಲ್ಲಿ ಮುಕ್ಕಾಲು ಪಾಲು ಎದುರಾಳಿಗಳ ಕಣ್ಣಿಗೆ ಮಣ್ಣೆರಚಲು. ಬೀಗದ ಕೈ ಒಂದು ಇರುತ್ತದೆ. ನಮ್ಮಲ್ಲಿ ಅದು ಟೋಪಿಯ ಅಂಚು. ಅಂಚು ಮುಟ್ಟಿದ ಮೇಲೆ ಬರುವ ಸೈನ್ ಮಾತ್ರ ನಿಜ. ಅಂಚಿನ ನಂತರ ಕೆನ್ನೆ ಮುಟ್ಟಿದರೆ ಓಟಗಾರ್ತಿ ಹೊಡೆತಕ್ಕೆ ಕಾಯದೆ ಮುಂದಿನ ಎಸೆತಕ್ಕೇ ಓಡಿ ಮುಂದಿನ ಬೇಸ್ ಕದಿಯಬೇಕು.

ಬ್ರಿಯಾನಾ ನಮ್ಮಲ್ಲಿ ಎರಡನೆಯ ವರ್ಷ ಮುಗಿಸುತ್ತಿದ್ದಳು. ಕಮ್ಯುನಿಟಿ ಕಾಲೇಜಿನಲ್ಲಿ ಎರಡೇ ವರ್ಷ. ಆಮೇಲೆ ದೊಡ್ಡ ಯೂನಿವರ್ಸಿಟಿಯ ತಂಡ ಎತ್ತಿಕೊಂಡರೆ ಓದೂ ಆಟವೂ ಮುಂದುವರಿಯುತ್ತದೆ. ಇಲ್ಲದಿದ್ದರೆ ಅವಳ ಅಪ್ಪನ ಟೈರ್ ಅಂಗಡಿ. ಆ ಶನಿವಾರ ಡಾಲಸ್ ಕಡೆಯ ಯೂನಿವರ್ಸಿಟಿಯೊಂದರ ಹಿರಿಯ ಕೋಚ್, ಲೊರೇನ್ ಎಂಬ ಹೆಂಗಸು, ಅವಳೊಬ್ಬಳನ್ನೇ ನೋಡಲು ಬಂದು ಬೇಲಿಯ ಹಿಂದೆ ಕೂತಿದ್ದರು.

ಸೋತರೆ ಸೀಸನ್ ಮುಗಿಯಿತು. ಕೊನೆಯ ಇನ್ನಿಂಗ್ಸ್, ಒಂದು ರನ್ ಹಿಂದಿದ್ದೆವು, ಇಬ್ಬರು ಔಟ್, ಎರಡನೇ ಬೇಸಿನಲ್ಲಿ ಬ್ರಿಯಾನಾ. ಬ್ಯಾಟ್ ಹಿಡಿದವಳು ನಮ್ಮಲ್ಲೇ ಗಟ್ಟಿ. ಇಂಥ ಹೊತ್ತಲ್ಲಿ ಮೂರನೇ ಬೇಸ್ ಕದಿಯುವುದು ಮೂರ್ಖತನ ಎಂದು ಎಂಟು ವರ್ಷದ ಮಕ್ಕಳಿಗೂ ಕಲಿಸುತ್ತೇವೆ. ಒಂದು ಒಳ್ಳೆಯ ಹೊಡೆತ ಬಿದ್ದರೆ ಎರಡನೆಯದರಿಂದಲೇ ಮನೆ ಸೇರಬಹುದು. ಕದಿಯಲು ಹೋಗಿ ಸಿಕ್ಕಿಬಿದ್ದರೆ ಆಟವೇ ಮುಗಿಯಿತು. ನಾನು ಯಾವ ಸೈನೂ ಕೊಡದೆ ಕಲ್ಲಿನ ಹಾಗೆ ನಿಂತಿದ್ದೆ. ಗೆರೆಯಾಚೆ ಹೋಗಿ ಫೌಲ್ ಆದ ಚೆಂಡೊಂದು ನನ್ನತ್ತ ರಭಸವಾಗಿ ಉರುಳಿತು. ಬೂಟಿನಿಂದ ತಡೆದೆ, ಎತ್ತಿದೆ, ಅಂಪೈರಿನತ್ತ ಎಸೆದೆ.

ಮುಂದಿನ ಎಸೆತ. ಬ್ರಿಯಾನಾ ಓಡಿದಳು! ಅಯ್ಯೋ, ಕೂದಲು ಹಾರಿಸಿಕೊಂಡು ನೇರ ನನ್ನ ಕಡೆಗೇ. ಚೆಂಡು ಅವಳಿಗಿಂತ ಮೊದಲು ಬಂತು. ನನ್ನ ಕಾಲ ಬುಡದಲ್ಲೇ ಔಟ್.

"ಯಾರು ಓಡು ಅಂದ್ರು?" ಎಂದೆ.

"ನೀವೇ, ಕೋಚ್."

"ನಾನು ಏನೂ ಕೊಡಲಿಲ್ಲ. ಕೈ ಎತ್ತು, ಬ್ರಿಯಾನಾ."

ಸಿಸ್ಟರರ ಕಟ್ಟಳೆಯನ್ನು ನನ್ನ ತಂಡಕ್ಕೂ ತಂದಿದ್ದೆ. ಅವಳು ಮುಖದ ಮಣ್ಣೊರೆಸಿಕೊಂಡು, "ಇದು ನನ್ನ ತಪ್ಪಲ್ಲ," ಎಂದು ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು. ಇಡೀ ತಂಡದ ಮುಂದೆ ಗದರಿದೆ. ಅವತ್ತೇ ನಾನು ಮೊದಲ ಬಾರಿ ಮೈದಾನದಲ್ಲಿ ಕಿರುಚಿದ್ದು. ಬೇಲಿಯ ಹಿಂದಿದ್ದ ಲೊರೇನ್ ಹೊರಡುವಾಗ ನನ್ನ ಬಳಿ ಬಂದು ಮೆಲ್ಲಗೆ, "ಕಾಲು ಚೆನ್ನಾಗಿದೆ. ಆದರೆ ಸೈನ್ ನೋಡದ ಹುಡುಗಿ ನನಗೆ ಬೇಡ," ಎಂದು ಹೋದರು.

ಮನೆಗೆ ಬಂದು ಸೋಫಾದ ಹತ್ತಿರ ಚೀಲ ಇಳಿಸಿದೆ. ಅದರೊಳಗಿಂದ ಜಾರಿದ ಸ್ಕೋರ್ ಪುಸ್ತಕ ನನ್ನ ಕಾಲಿಗೆ ತಾಗಿತು. ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡು, ಎರಡೂ ಕೆನ್ನೆ ತಟ್ಟಿಕೊಂಡೆ. ನಾವೆಲ್ಲಾ ಹಾಗೇ ಅಲ್ಲವೇ? ಪುಸ್ತಕ, ಬ್ಯಾಟು, ಚೆಂಡು, ಏನೇ ಕಾಲಿಗೆ ತಾಗಲಿ. ಕಾನ್ವೆಂಟಿನಲ್ಲಿ ನಮ್ಮನ್ನು ನೋಡಿ ನೋಡಿ ಸಿಸ್ಟರ್ ಲೂರ್ದೇ ಅದನ್ನು ಕಲಿತುಬಿಟ್ಟಿದ್ದರು.

ಸೋಫಾದ ಮೇಲೆ ಮಲಗಿದ್ದ ಅನಘಾ ದಡಕ್ಕನೆ ಎದ್ದು ಕೂತಳು. "ಅಮ್ಮಾ! ದಟ್ಸ್ ಯುವರ್ ಸ್ಟೀಲ್ ಸೈನ್!"

"ಏನೇ? ಕದಿಯೋ ಸೈನಾ?"

"ಯು ಹಿಟ್ ದ ಕ್ಯಾಪ್. ದೆನ್ ದ ಚೀಕ್ಸ್."

ನಾನು ಇನ್ನೂ ಟೋಪಿ ತೆಗೆದಿರಲಿಲ್ಲ. ಕಣ್ಣಿಗೊತ್ತಿಕೊಳ್ಳಲು ಹೋದ ಬೆರಳು ಮೊದಲು ಟೋಪಿಯ ಅಂಚಿಗೆ ತಾಗಿತ್ತು. ಆಮೇಲೆ ಕೆನ್ನೆ. ಮೈದಾನದಲ್ಲಿ ಬೂಟಿನಿಂದ ತಡೆದ ಆ ಚೆಂಡು! ಎತ್ತಿ ಎಸೆಯುವ ಮೊದಲು, ನನಗೇ ಗೊತ್ತಿಲ್ಲದೆ, ಅದನ್ನೂ ಕಣ್ಣಿಗೊತ್ತಿಕೊಂಡಿದ್ದೆ. ಅಂಚು, ಕೆನ್ನೆ, ಓಡು. ಬ್ರಿಯಾನಾ ನನ್ನನ್ನು ನೋಡಿದ್ದಳು. ನಾನು ನನ್ನನ್ನು ನೋಡಿಕೊಂಡಿರಲಿಲ್ಲ.

ನಮ್ಮವರು ವಿಷಯ ಕೇಳಿ, "ಡಗ್‌ಗೆ ಗೊತ್ತಾದ್ರೆ ಕೆಲಸ ಹೋಗಬಹುದು ಕಣೇ. ಬೇರೆ ಯಾರಿಗಾದ್ರೂ ಗೊತ್ತಾ?" ಎಂದರು.

"ಬ್ರಿಯಾನಾಗೆ ಗೊತ್ತು."

"ಹಾಗಾದ್ರೆ ಕಾರಿಗೆ ಪೆಟ್ರೋಲ್ ಹಾಕಿಸಿಕೊಂಡು ಬರ್ತೀನಿ," ಎಂದು ಎದ್ದರು. ಅವರು ಹಾಗೇ, ಮಾತು ಕಡಿಮೆ.

ಲೊರೇನ್ ಅವರ ಮನೆ ಡಾಲಸ್ ಹತ್ತಿರದ ಮೆಕಿನ್ನಿಯಲ್ಲಿ. ಭಾನುವಾರ ಚರ್ಚ್ ಮುಗಿಸಿ ಬಂದು ವರಾಂಡದಲ್ಲಿ ಕೂತು ಹಳೆಯ ಗ್ಲೌಸಿಗೆ ಎಣ್ಣೆ ಸವರುತ್ತಿದ್ದರು. ಮೂರೂವರೆ ಗಂಟೆ ಅಭ್ಯಾಸ ಮಾಡಿದ್ದ ಮಾತೆಲ್ಲಾ ಮರೆತುಹೋಯಿತು. ಮೆಟ್ಟಿಲ ಕೆಳಗೆ ನಿಂತು ಶಾಲೆಯ ಹುಡುಗಿಯ ಹಾಗೆ ಕೈ ಎತ್ತಿದೆ.

"ಏನಿದು?" ಎಂದರು.

"ನಿನ್ನೆಯ ತಪ್ಪು ನನ್ನದು." ಎಲ್ಲ ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ. ಅವರ ಗ್ಲೌಸನ್ನೇ ಕೇಳಿ ಪಡೆದು, ನೆಲದ ಮೇಲಿಟ್ಟು, ಬೇಕೆಂದೇ ಕಾಲು ತಾಗಿಸಿ ಮಾಡಿ ತೋರಿಸಿದೆ.

"ಇನ್ನೊಮ್ಮೆ ಮಾಡಿ."

ಮಾಡಿದೆ. ಅವರ ತುಟಿ ಅದುರಿತು, ನಗು ತಡೆಯುತ್ತಿದ್ದರು. ಆಮೇಲೆ ಮುಖ ಗಂಭೀರವಾಯಿತು. "ಇಬ್ಬರು ಔಟ್ ಆದಾಗ ಅದು ಹುಚ್ಚು ಸೈನ್ ಅಂತ ಆ ಹುಡುಗಿಗೆ ಗೊತ್ತಿತ್ತಾ?"

"ನಾನೇ ಕಲಿಸಿದ್ದೆ."

"ಗೊತ್ತಿದ್ದೂ, ನೀವು ಕೊಟ್ಟಿರಿ ಅಂತ ಓಡಿದಳು. ಬೈಸಿಕೊಂಡರೂ ಮಾತು ಬದಲಾಯಿಸಲಿಲ್ಲ." ಗ್ಲೌಸು ವಾಪಸ್ ತೆಗೆದುಕೊಂಡು, "ಇಂಥವಳನ್ನು ಹುಡುಕೋಕೆ ನಾನು ಟೆಕ್ಸಾಸ್ ಪೂರ್ತಿ ಸುತ್ತುತ್ತೀನಿ. ನಾಳೆ ಫೋನ್ ಮಾಡಲು ಹೇಳಿ," ಎಂದರು. ಕಾರಿಗೆ ಬಂದು ಕೂತವಳು ಅತ್ತೆ, ನಕ್ಕೆ. ಪಾಪ, ನಮ್ಮವರಿಗೆ ಕಾರು ಯಾವಾಗ ಹೊರಡಿಸಬೇಕೆಂದೇ ತಿಳಿಯಲಿಲ್ಲ.

ಸೋಮವಾರ ತಂಡವನ್ನು ಕೂಡಿಸಿ ಮತ್ತೆ ಕೈ ಎತ್ತಿದೆ. ಬ್ರಿಯಾನಾಳ ಮುಖ ನೋಡಿ ಕ್ಷಮೆ ಕೇಳಿದೆ. ಹಿಂದಿನಿಂದ ನಮ್ಮ ಕ್ಯಾಚರ್, ಅಂದರೆ ವಿಕೆಟ್ ಕೀಪರಿನಂಥವಳು, "ಕೋಚ್ ವಿ, ಅದನ್ನ ನಮಗೂ ಮಾಡಿ ತೋರಿಸಿ!" ಎಂದಳು. ಹದಿನೆಂಟು ಹುಡುಗಿಯರು ಚೆಂಡನ್ನು ಒದ್ದು ಒದ್ದು ಕೆನ್ನೆ ತಟ್ಟಿಕೊಂಡರು. ಒದೆಯುವುದು ತಪ್ಪು ಎಂಬುದೇ ಅದರ ಅರ್ಥ ಎಂದು ತಿಳಿಸಿ ಹೇಳುವಷ್ಟರಲ್ಲಿ ಸಾಕಾಗಿಹೋಯಿತು. ಬ್ರಿಯಾನಾ ಮಾತ್ರ ಒದೆಯಲಿಲ್ಲ. ಬಂದು ತಬ್ಬಿಕೊಂಡು, "ಸ್ಟುಪಿಡ್ ಸೈನ್ ಅಂತ ಅನಿಸಿತ್ತು ಕೋಚ್. ಆದರೆ ನಿಮಗೇನೋ ಕಂಡಿರಬೇಕು ಅಂದುಕೊಂಡೆ," ಎಂದಳು. ನಂಬಿಕೆ ಇಷ್ಟು ಭಾರ ಎಂದು ಅವತ್ತಿನವರೆಗೆ ನನಗೆ ಗೊತ್ತಿರಲಿಲ್ಲ.

ಡಗ್ ಕಥೆ ಕೇಳಿ ಮೇಜು ಗುದ್ದಿ ನಕ್ಕರು. "ನೀವು ಕೊನೆಗೂ ಕಿರುಚಿದಿರಂತೆ! ಆದರೆ ತಪ್ಪು ಹುಡುಗಿಯ ಮೇಲೆ," ಎಂದರು. ನನ್ನನ್ನು ಮುಂದುವರಿಸಿದರು. ಒಂದು ಷರತ್ತು ಹಾಕಿದರು: ಇನ್ನು ಮೈ ಮುಟ್ಟಿಕೊಳ್ಳುವ ಸೈನ್ ಬೇಡ. ಅಂದಿನಿಂದ ಹುಡುಗಿಯರ ಮಣಿಕಟ್ಟಿಗೆ ಪಟ್ಟಿ ಬಂತು. ನಾನು ಮೂರು ಅಂಕಿ ಕೂಗುವುದು, ಅವರು ಪಟ್ಟಿಯೊಳಗಿನ ಚೀಟಿಯಲ್ಲಿ ಅದರ ಅರ್ಥ ನೋಡಿಕೊಳ್ಳುವುದು. ಈಗ ಕೆಲವು ಕಡೆ ಎಸೆತದ ಸೂಚನೆ ಕಿವಿಯೊಳಗಿನ ಯಂತ್ರದಲ್ಲೇ ಬರುತ್ತದೆ. ಒಳ್ಳೆಯದೇ. ತಪ್ಪು ಕಡಿಮೆ. ಆದರೆ ಹುಡುಗಿಯರು ಈಗ ಕೋಚಿನ ಮುಖ ನೋಡುವುದಿಲ್ಲ, ಚೀಟಿ ನೋಡುತ್ತಾರೆ. ಮಕ್ಕಳೇ, ಆಗಾಗ ಅವರ ತಲೆ ಎತ್ತಿಸಿ.

ಇಷ್ಟು ನೆನೆಸಿಕೊಳ್ಳುವಷ್ಟರಲ್ಲಿ ಕ್ಲಿಯರ್ ಲೇಕ್ ಬಂತು. ಬೇಲಿಯ ಹಿಂದೆ ಕುರ್ಚಿ ಹಾಕಿ ಕೂತೆವು. ಆ ಶನಿವಾರ ಲೊರೇನ್ ಕೂತಿದ್ದಂಥ ಜಾಗವೇ. ಬ್ರಿಯಾನಾ ಮೂರನೇ ಬೇಸಿನ ಪಕ್ಕ ನಿಂತು ಅಂಕಿ ಕೂಗುತ್ತಿದ್ದಳು, ಎಂಥ ಧ್ವನಿ! ಆರು ಇನ್ನಿಂಗ್ಸ್ ಪೂರ್ತಿ ಅವಳ ತಂಡ ಒಮ್ಮೆ ಹಿಂದೆ, ಒಮ್ಮೆ ಮುಂದೆ, ಮತ್ತೆ ಹಿಂದೆ. ಪುಳಿಯೋಗರೆಯ ಡಬ್ಬಿ ತೆರೆಯಲೇ ಇಲ್ಲ.

ಕೊನೆಯ ಇನ್ನಿಂಗ್ಸ್. ಒಂದು ರನ್ ಹಿಂದೆ. ಇಬ್ಬರು ಔಟ್. ಎರಡನೇ ಬೇಸಿನಲ್ಲಿ ಒಬ್ಬ ಸಣಕಲು ಹುಡುಗಿ.

"ಏನೇ, ಅದೇ ಥರ ಇದೆಯಲ್ಲ," ಎಂದರು ನಮ್ಮವರು.

ಬ್ರಿಯಾನಾ ಅಂಕಿ ಕೂಗುವುದನ್ನು ನಿಲ್ಲಿಸಿದಳು. ಬೇಲಿಯ ಕಡೆ ತಿರುಗಿ ನನ್ನನ್ನು ನೋಡಿದಳು. ಆಮೇಲೆ ಓಟಗಾರ್ತಿಯತ್ತ ತಿರುಗಿ, ಟೋಪಿಯ ಅಂಚು ಮುಟ್ಟಿ, ಎರಡೂ ಕೆನ್ನೆ ತಟ್ಟಿಕೊಂಡಳು. ನಿಧಾನವಾಗಿ, ದೇವರ ಮುಂದೆ ನಿಂತ ಹಾಗೆ.

ನಾನು ಕುರ್ಚಿ ಬಿಟ್ಟು ಎದ್ದೆ. ಎಸೆತ ಬಿತ್ತು. ಹುಡುಗಿ ಹಾರಿದಳು. ಕ್ಯಾಚರಿನ ಚೆಂಡು ಮೂರನೇ ಬೇಸಿಗೆ ಗುಂಡಿನ ಹಾಗೆ ಬಂತು. ಧೂಳು, ಕೆಂಪು ಧೂಳು, ಏನೂ ಕಾಣದು. ಧೂಳಿನೊಳಗಿಂದ ಅಂಪೈರಿನ ಎರಡು ಕೈ ಅಗಲವಾಗಿ ಚಾಚಿಕೊಂಡವು. ಸೇಫ್, ಔಟ್ ಅಲ್ಲ! ಕಿರುಚಿದೆ. ಹಿಂದೆ ಕೂತವರೆಲ್ಲಾ ನೋಡುವ ಹಾಗೆ, ಡಗ್ ಇದ್ದಿದ್ದರೆ ಕಿವಿ ಮುಚ್ಚಿಕೊಳ್ಳುವ ಹಾಗೆ ಕಿರುಚಿದೆ.

ಮುಂದಿನ ಎಸೆತಕ್ಕೆ ಬ್ಯಾಟಿನ ಹುಡುಗಿ ಚೆಂಡನ್ನು ಆಕಾಶಕ್ಕೆ ಎತ್ತಿದಳು, ಅದು ಎದುರಾಳಿಯ ಗ್ಲೌಸಿಗೆ ಮೆತ್ತಗೆ ಬಿತ್ತು. ಆಟ ಮುಗಿಯಿತು. ಸೋಲು. ಎಲ್ಲರೂ ಗುಂಪಾಗಿ ಕೂತಾಗ ಆ ಬ್ಯಾಟಿನ ಹುಡುಗಿ, ಯಾರೂ ಕೇಳುವ ಮೊದಲೇ, ಕಣ್ಣೊರೆಸಿಕೊಳ್ಳುತ್ತಾ ಕೈ ಎತ್ತಿದ್ದನ್ನು ಬೇಲಿಯಿಂದಲೇ ಕಂಡೆ.

ಬ್ರಿಯಾನಾ ಮೈದಾನ ದಾಟಿ ಬಂದಳು. ನಾನು ತಡೆಯಲಾರದೆ, "ಇಬ್ಬರು ಔಟ್ ಆದಾಗ ಕದಿಯೋದಾ? ನಾನು ಇದೇನಾ ಕಲಿಸಿದ್ದು?" ಎಂದೆ.

"ಅವರ ಎಸೆತಗಾರ್ತಿ ದಣಿದು ಚೆಂಡನ್ನು ನೆಲಕ್ಕೆ ಕುಕ್ಕುತ್ತಿದ್ದಳು ಕೋಚ್. ಮೂರನೇ ಬೇಸಿನಲ್ಲಿದ್ದರೆ ಒಂದು ಚೆಂಡು ಕ್ಯಾಚರಿನ ಕೈ ತಪ್ಪಿದರೂ ಮನೆ ಸೇರಬಹುದಿತ್ತು. ಲೆಕ್ಕ ಹಾಕಿಯೇ ಕೊಟ್ಟೆ." ಟೋಪಿ ತೆಗೆದು ಧೂಳು ಕೊಡವುತ್ತಾ, "ಅದೂ ಅಲ್ಲದೆ, ಆ ಸೈನಿಗೆ ಒಬ್ಬಳಾದರೂ ಸೇಫ್ ಆಗೋದನ್ನ ಒಂಬತ್ತು ವರ್ಷದಿಂದ ಕಾಯ್ತಿದ್ದೆ. ನೀವೂ ನೋಡಬೇಕಿತ್ತು, ಅದಕ್ಕೇ ಕರೆದದ್ದು," ಎಂದಳು.

ಓಡಿದ್ದ ಆ ಸಣಕಲು ಹುಡುಗಿ ಚೆಂಡಿನ ಬುಟ್ಟಿ ಹೊತ್ತು ನಮ್ಮ ಪಕ್ಕದಲ್ಲೇ ಹಾದಳು. ಒಂದು ಚೆಂಡು ಜಾರಿ ಅವಳ ಬೂಟಿಗೆ ತಾಗಿತು. ಬಗ್ಗಿ ಎತ್ತಿ, ಕಣ್ಣಿಗೊತ್ತಿಕೊಂಡು, ಕೆನ್ನೆ ತಟ್ಟಿಕೊಂಡು, ಬುಟ್ಟಿಗೆ ಹಾಕಿ ಹೋದಳು. ನಮ್ಮ ಕಡೆ ನೋಡಲೂ ಇಲ್ಲ.

ರೌಂಡ್ ರಾಕಿಗೆ ಮರಳಿದಾಗ ಸಂಜೆಯ ಬಿಸಿಲು ಇನ್ನೂ ಇತ್ತು. ಪಕ್ಕದ ಮನೆಯ ಸುಮಂಗಲಾ, ಧಾರವಾಡದವರು, ತಮ್ಮ ಕಸದ ಡಬ್ಬಿಯನ್ನು ಗಡಗಡ ಎಳೆದುಕೊಂಡು ರಸ್ತೆ ಅಂಚಿಗೆ ಬರುತ್ತಿದ್ದರು. ನನ್ನನ್ನು ಕಂಡು ನಿಂತರು.

"ಬಂದ್ರೇನ್ರಿ ಕೋಚ್ ಅವ್ರ? ನಿಮ್ಮ ಹುಡುಗಿ ಗೆದ್ದಳೇನು?"

"ಇಲ್ಲ ಸುಮಂಗಲಾ, ಸೋತ್ಳು."

ಅವರು ನನ್ನ ಮುಖವನ್ನೂ ಕೆಂಪು ಮಣ್ಣು ಮೆತ್ತಿದ ಬೂಟುಗಳನ್ನೂ ಒಮ್ಮೆ ನೋಡಿ, ಡಬ್ಬಿಯನ್ನು ಮತ್ತೆ ಎಳೆಯುತ್ತಾ ಹೇಳಿದರು: "ಸೋತು ಬಂದೋರು ಹಿಂಗ ನಗ್ತಾರೇನ್ರಿ? ಹೋಗ್ಲಿ ಬಿಡ್ರಿ, ನಾಳೆ ಕಸದ ಗಾಡಿ ಬರತೈತಿ, ಡಬ್ಬಿ ಹೊರಗಿಡೂದು ಮರೀಬ್ಯಾಡ್ರಿ."